ಮಂಚದ ಚಿತ್ರಕ್ಕೆ ಬರೆದ ಮಾತು

ಮದ್ದೂರಿನ ಪ್ರೆಸ್ಸಿನಿಂದ ಕಳೆದ ವಾರ ಫೋನು ಬಂತು. ಚಿತ್ರದ ಕಾರ್ಡುಗಳ ಅಚ್ಚು ಮುಗಿದಿದೆ, ಜೊತೆಗಿನ ಪುಸ್ತಕದ ಒಳಪುಟಗಳೂ ಆಗಿವೆ, ಮುಖಪುಟವೊಂದು ಬಾಕಿ ಎಂದರು ಯಜಮಾನರು. "ಮೇಲ್ಗಡೆ ಯಾರ ಎಸ್ರು ಆಕ್ಲಿ ಮೇಡಂ?"

ಯಾರ ಹೆಸರೂ ಬೇಡ ಎಂದೆ.

"ಎಸ್ರೇ ಇಲ್ದಿದ್ರೆ ಬಸ್‌ಸ್ಟ್ಯಾಂಡಲ್ಲಿ ಮಾರೋ ಕನಸಿನ ಫಲದ ಬುಕ್ಕು ಅನ್ಕತಾರೆ ಕಣಿ" ಎಂದು ನಕ್ಕರು. ಅನ್ನಲಿ ಬಿಡಿ ಎಂದೆ. ಅದು ನನ್ನ ತೀರ್ಮಾನವಲ್ಲ. ಕಾರ್ಡಿನ ಚಿತ್ರ ಬರೆದವರೇ ಹೇಳಿಹೋಗಿದ್ದ ಮಾತು: "ಎಸ್ರು ಆಕುದ್ರೆ ಜನ ನನ್ ಮಾತು ಅಂತ ಓದ್ತಾರೆ. ಅವ್ರವ್ರ ಮಾತು ಅಂತ ಓದ್ಲಿ." ಹಾಗಾಗಿ ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ಮಳವಳ್ಳಿಯ ನಮ್ಮ ಹೈಸ್ಕೂಲಿನಲ್ಲಿ ಓದಿದವರಿಗೆ ಡ್ರಾಯಿಂಗ್ ಮಿಸ್ಸು ಎಂದರೆ ಸಾಕು.

ಅವರು ಸತ್ತು ಐದು ತಿಂಗಳಾಯಿತು. "ನಮ್ಮನ್ನು ಅಗಲಿದರು" ಎಂದು ಬರೆಯಲು ಹೊರಟ ಕೈಯನ್ನು ತಡೆದು ಹೀಗೆ ಬರೆದಿದ್ದೇನೆ. ಕೇಳುವುದಕ್ಕೆ ಒರಟು. ಇರಲಿ.

ನಾನು ಆ ಶಾಲೆಗೆ ಕನ್ನಡ ಕಲಿಸಲು ಸೇರಿದಾಗ ಅವರಿಗೆ ಆಗಲೇ ನಲವತ್ತು ದಾಟಿತ್ತು. ಗಿಡ್ಡ ಆಳು, ಚುರುಕು ನಡಿಗೆ, ಕನ್ನಡಕಕ್ಕೆ ಕಪ್ಪು ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಎಡಗೈಗೆ ಗಂಡಸರ ದೊಡ್ಡ ವಾಚು, ಬಾಯಲ್ಲಿ ಸದಾ ಒಂದು ಲವಂಗ. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ "ಟೈಮಾಗ್ನಿಲ್ಲ" ಎನ್ನುತ್ತಿದ್ದರು. ಬಿ.ಎಡ್. ಮಾಡಿ ಬಂದ ನಾವೆಲ್ಲ ಸ್ಟಾಫ್ ರೂಮಿನಲ್ಲಿ ನಾಜೂಕಾಗಿ ಮಾತಾಡಲು ಒದ್ದಾಡುತ್ತಿದ್ದರೆ, ಅವರು ತಮ್ಮೂರಿನ ಮಾತನ್ನು ಹೆಡ್‌ಮಾಸ್ಟರ ಮುಂದೆಯೂ ಬಿಡುತ್ತಿರಲಿಲ್ಲ.

ಅವರ ಕ್ಲಾಸಿನಲ್ಲಿ ರಬ್ಬರಿಗೆ ಪ್ರವೇಶವಿರಲಿಲ್ಲ. ಯಾರಾದರೂ ಕಳ್ಳತನದಲ್ಲಿ ತಂದರೆ ಕಿತ್ತುಕೊಂಡು ಕಿಟಕಿಯಿಂದಾಚೆ ಎಸೆಯುವರು. "ಅಳಿಸ್ಬ್ಯಾಡ. ತಪ್ಪು ಗೆರೆ ಪಕ್ಕದಲ್ಲೇ ಸರಿ ಗೆರೆ ಎಳಿ. ಎರ್ಡೂ ಕಾಣ್ಲಿ" ಎನ್ನುವರು. ಯಾವ ಮಗುವಿನ ಚಿತ್ರಕ್ಕೂ ಚೆನ್ನಾಗಿದೆ ಎಂದವರಲ್ಲ. ಕೈ ಬಂದಿಲ್ಲ, ಕಾಲು ಬಂದದೆ, ಇಷ್ಟೇ. ಮಕ್ಕಳು ಅವರಿಗೆ ಹೆದರುತ್ತಿದ್ದರು, ಆದರೆ ಅವರ ಕ್ಲಾಸನ್ನು ಯಾರೂ ತಪ್ಪಿಸುತ್ತಿರಲಿಲ್ಲ.

ಅವರ ನಿವೃತ್ತಿಯ ದಿನ ಬೀಳ್ಕೊಡುಗೆ ಭಾಷಣ ನನ್ನ ಪಾಲಿಗೆ ಬಂತು. ಮಾತಾಡಲು ನಿಂತರೆ ನನಗೆ ನನ್ನ ಮಾತಿನ ಮೇಲೆಯೇ ಮೋಹ ಬಂದುಬಿಡುತ್ತದೆ. ಬಣ್ಣ, ಬೆಳಕು, ಅಳಿಯದ ಗೆರೆ ಎಂದೆಲ್ಲ ಶುರುಮಾಡಿದ್ದೆ. ಹಾರ ಹಾಕಿಕೊಂಡು ಕೂತಿದ್ದವರು ಮೈಕಿಗೂ ಕೇಳುವಂತೆ, "ನಾನಿನ್ನೂ ಸತ್ತಿಲ್ಲ ಕಣಮ್ಮ, ಒಸಿ ಉಳಿಸ್ಕಳಿ" ಎಂದರು. ಇಡೀ ಹಾಲು ನಕ್ಕಿತು. ನಾನೂ ನಕ್ಕೆ, ಆದರೆ ಒಳಗೊಳಗೇ ಎರಡು ದಿನ ಮುನಿಸಿಕೊಂಡಿದ್ದೆ.

ಮೂರನೆಯ ದಿನ ಅವರೇ ನಮ್ಮ ಮನೆಗೆ ಬಂದರು. ಕೈಯಲ್ಲೊಂದು ಪುಟ್ಟ ಪೆಟ್ಟಿಗೆ. ಹಳೆಯ ವಿದ್ಯಾರ್ಥಿನಿಯೊಬ್ಬಳು ಮೈಸೂರಿನಲ್ಲಿ ಕೊಂಡು ಕೊಟ್ಟ ಟ್ಯಾರೋ ಕಾರ್ಡುಗಳು. ಇಸ್ಪೀಟಿಗಿಂತ ಸ್ವಲ್ಪ ದೊಡ್ಡವು, ಒಂದೊಂದರಲ್ಲೂ ಒಂದು ಚಿತ್ರ. ಮನಸ್ಸಿನಲ್ಲೊಂದು ಚಿಂತೆ ಇಟ್ಟುಕೊಂಡು ಒಂದು ಕಾರ್ಡು ಎತ್ತುವುದು, ಜೊತೆಗೆ ಕೊಟ್ಟ ಕೈಪಿಡಿಯಲ್ಲಿ ಆ ಚಿತ್ರಕ್ಕೆ ಏನು ಬರೆದಿದೆ ಎಂದು ನೋಡುವುದು. ಆಟ ಎಂದರೆ ಆಟ, ಭವಿಷ್ಯ ಎಂದರೆ ಭವಿಷ್ಯ. ಕೈಪಿಡಿ ಇಂಗ್ಲಿಷಿನಲ್ಲಿತ್ತು. ಮಾತ್ರೆ ಡಬ್ಬಿಯೊಳಗಿನ ಕಾಗದದ ಹಾಗೆ ಹತ್ತು ಮಡಿಕೆ, ಇರುವೆ ಸಾಲಿನಂಥ ಅಕ್ಷರ.

"ಇದೇನ್ ಬರ್ದವ್ರೆ ಓದಿ ಮಿಸ್ಸು" ಎಂದು ಮೊದಲ ಕಾರ್ಡು ಮುಂದಿಟ್ಟರು. ಗಂಟು ಹೆಗಲಿಗೇರಿಸಿಕೊಂಡು ಆಕಾಶ ನೋಡುತ್ತ ನಡೆಯುತ್ತಿರುವ ಒಬ್ಬ ಯುವಕ, ಪಕ್ಕದಲ್ಲಿ ನಾಯಿ. ನಾನು ತಡವರಿಸುತ್ತ ಓದಿದೆ: ಹೊಸ ಆರಂಭ, ಮುಗ್ಧತೆ, ಸ್ವಾತಂತ್ರ್ಯ.

"ನಾಯಿ ಏನಾಯ್ತು?"

"ನಾಯಿ ಬಗ್ಗೆ ಏನೂ ಇಲ್ಲ ಅಕ್ಕ."

"ಅಲ್ಲ ಕಣಮ್ಮ, ಪಕ್ಕದಲ್ಲಿ ನಾಯಿ ಎಗರ್ತಾ ಅದೆ, ಮುಂದ್ಗಡೆ ಒಂದೆಜ್ಜೆ ಇಟ್ರೆ ಪ್ರಪಾತ. ಇವ್ರು ನೋಡುದ್ರೆ ಸ್ವಾತಂತ್ರ್ಯ ಅಂತವ್ರೆ. ಬರ್ದೋನು ಚಿತ್ರ ನೋಡವ್ನಾ?"

ಅವತ್ತು ಅಲ್ಲಿಂದ ಶುರುವಾದದ್ದು. ಹಿಮದಲ್ಲಿ ನಡೆಯುವವರು, ಕೋಟೆ, ಕತ್ತಿ, ಹಡಗು. ಮಳವಳ್ಳಿಯಲ್ಲಿ ಯಾರ ತಲೆಯ ಮೇಲೆ ಹಿಮ ಬೀಳುತ್ತದೆ ಎಂದು ಕೇಳಿದರು. ಎಪ್ಪತ್ತೆಂಟು ಕಾರ್ಡಿನಲ್ಲಿ ಮುಖ್ಯವಾದ ಇಪ್ಪತ್ತೆರಡನ್ನು ಆರಿಸಿಕೊಂಡು ಅವರೇ ಹೊಸ ಚಿತ್ರ ಬರೆಯಲು ಕೂತರು. ಎರಡು ವರ್ಷ ಬರೆದರು. ಗಂಟು ಹೊತ್ತ ಯುವಕನ ಜಾಗಕ್ಕೆ ನಿಡಘಟ್ಟದಲ್ಲಿ ಬಸ್ಸಿಳಿದು, ವಾಹನಗಳು ನುಗ್ಗುವ ಹೆದ್ದಾರಿಯ ಕಡೆ ಬೆನ್ನು ಹಾಕಿ ಜೇಬು ತಡಕುತ್ತಿರುವವನೊಬ್ಬ ಬಂದ. ಬೆಟ್ಟದ ಮೇಲೆ ಲಾಂದ್ರ ಹಿಡಿದ ಸನ್ಯಾಸಿಯ ಜಾಗಕ್ಕೆ ನಾಲೆ ಏರಿಯ ಮೇಲೆ ಗದ್ದೆಗಳಿಗೆ ನೀರು ಬಿಡುತ್ತ ಒಬ್ಬನೇ ಹೋಗುವ ನೀರುಗಂಟಿ ಬಂದ. ಸಿಂಹದ ಬಾಯಿ ಹಿಡಿದ ಹೆಂಗಸು ನಮ್ಮಲ್ಲಿ ಒದೆಯುವ ಎಮ್ಮೆಯ ಹಾಲು ಕರೆಯುವವಳಾದಳು.

ಅವರಿಗೆ ಭವಿಷ್ಯದಲ್ಲಿ ನಂಬಿಕೆ ಇತ್ತೇ? ನಾನು ಕೇಳಿದ್ದುಂಟು. "ಕಾರ್ಡಿಗೇನ್ ಗೊತ್ತು? ಕಾರ್ಡ್ ನೋಡ್ತಾ ಕೂತಿರೋಳಿಗೆ ಗೊತ್ತು" ಎಂದರು. ಬಸ್‌ಸ್ಟ್ಯಾಂಡಿನ ಹತ್ತಿರ ಗಿಣಿಶಾಸ್ತ್ರದವನೊಬ್ಬ ಕೂರುತ್ತಿದ್ದ. ಸಂತೆಗೆ ಹೋದಾಗೆಲ್ಲ ಅವನ ಮುಂದೆ ಹತ್ತು ನಿಮಿಷ ನಿಂತು, ಅವನು ಜನರ ಜೊತೆ ಹೇಗೆ ಮಾತಾಡುತ್ತಾನೆಂದು ಕೇಳಿಸಿಕೊಳ್ಳುವರು. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋಗಿ ನಿಲ್ಲಿಸಿದರು. "ನೋಡುದ್ರಾ, ಅವ್ನು ಬುಕ್ಕೇ ಮಡಿಕ್ಕಂಡಿಲ್ಲ. ಬಂದೋರ ಮೊಕ ನೋಡಿ ಮಾತು ಬದ್ಲಾಯಿಸ್ತಾನೆ. ನಮ್ ಬುಕ್ಕಿಗೆ ಮೊಕ ನೋಡಕಾಗಲ್ಲ. ಅದ್ಕೇ ಅದು ಇನ್ನೂ ಉಷಾರಾಗಿ ಮಾತಾಡ್ಬೇಕು. ಎದ್ರಿಸ್ಬಾರ್ದು, ಏಮಾರಿಸ್ಲೂಬಾರ್ದು."

ನಮ್ಮ ಬುಕ್ಕು ಎಂದರು. ಚಿತ್ರಗಳ ಜೊತೆಗಿನ ಕೈಪಿಡಿ ಬರೆಯುವವಳು ನಾನೆಂದು ಗೊತ್ತಾದದ್ದು ಆಗಲೇ.

ಮೊದಲ ಕರಡು ಬರೆಯಲು ನನಗೆ ಬೇಸಿಗೆ ರಜೆ ಪೂರ್ತಿ ಬೇಕಾಯಿತು. ಅದರ ಮೇಲೆ ಹೆಮ್ಮೆಯೂ ಇತ್ತು. ಅವರು ಓದಿ ಮಡಿಸಿಟ್ಟರು. ಭಾನುವಾರ ಮಧ್ಯಾಹ್ನ ಬನ್ನಿ ಎಂದರು. ಹೋದರೆ ಅವರ ಜಗಲಿಯ ಮೇಲೆ ಏಳೆಂಟು ಹೆಂಗಸರು. ಗೆಜ್ಜಲಗೆರೆಯ ಫ್ಯಾಕ್ಟರಿಗೆ ಹೋಗಿಬರುವ ಹುಡುಗಿಯರು, ಪಕ್ಕದ ಬೀದಿಯ ಟೈಲರಮ್ಮ, ಹೂ ಕಟ್ಟುವಾಕೆ. ಒಬ್ಬೊಬ್ಬರಿಗೂ ಒಂದು ಕಾರ್ಡು ಕೊಟ್ಟು, ನನ್ನ ಪುಟವನ್ನು ಗಟ್ಟಿಯಾಗಿ ಓದಿಸಿದರು. ಓದುವವರು ಎಲ್ಲಿ ತೊದಲಿದರೋ ಅಲ್ಲಿ ಇವರು ಕಾಗದದ ಮೇಲೆ ಉಗುರಿನಿಂದ ಗೀರುತ್ತ ಹೋದರು. ಪರಿವರ್ತನೆ, ಅಂತರ್ದೃಷ್ಟಿ, ಸಮತೋಲನ. ನನ್ನ ಒಳ್ಳೊಳ್ಳೆಯ ಪದಗಳೆಲ್ಲ ಒಂದೊಂದಾಗಿ ಗೀರಿಸಿಕೊಂಡವು.

ಎಮ್ಮೆಯ ಪುಟ ಒಬ್ಬ ಫ್ಯಾಕ್ಟರಿ ಹುಡುಗಿಗೆ ಬಂದಿತ್ತು. "ತಾಳ್ಮೆಯಿಂದಿರಿ, ನಿಮ್ಮ ಶಕ್ತಿಯನ್ನು ನಂಬಿರಿ" ಎಂದು ಓದಿ ಕಾಗದ ಕೆಳಗಿಟ್ಟಳು. "ಇದ್ನ ನಮ್ ಸೂಪರ್‌ವೈಸರೂ ದಿನಾ ಏಳ್ತಾನೆ ಮಿಸ್" ಎಂದಳು.

ಎಲ್ಲರೂ ಬಿದ್ದುಬಿದ್ದು ನಕ್ಕರು. ನಾನು ಎದ್ದು ಹೋಗುವುದರಲ್ಲಿದ್ದೆ. ಅವರು ನನ್ನ ಸೆರಗು ಹಿಡಿದು ಕೂರಿಸಿದರು. "ಬುಕ್ಕು ಅಪ್ಪಣೆ ಮಾಡ್ಬಾರ್ದು ಮಿಸ್ಸು, ಕೇಳ್ಬೇಕು" ಎಂದರು. ಅಲ್ಲೇ ಕೂತು ಆ ಪುಟವನ್ನು ಮತ್ತೆ ಬರೆದೆವು. ಮೊದಲು ಚಿತ್ರದಲ್ಲಿ ಏನಿದೆ ಎನ್ನುವುದು. ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಾಳೆ, ಎಮ್ಮೆಯ ಹಿಂಗಾಲಿಗೆ ಹಗ್ಗ ಕಟ್ಟಿಲ್ಲ, ಪಾತ್ರೆಯಲ್ಲಿ ಅರ್ಧ ಹಾಲಿದೆ. ಆಮೇಲೆ ಒಂದು ಪ್ರಶ್ನೆ: ಒದೆಯುತ್ತದೆ ಎಂದು ಗೊತ್ತಿದ್ದೂ ದಿನವೂ ಯಾವುದರ ಹತ್ತಿರ ಹೋಗಿ ಕೂರುತ್ತೀರಿ? ಅದೇ ಹುಡುಗಿಗೆ ಓದಲು ಕೊಟ್ಟರು. ಅವಳು ಓದಿ, ಒಂದು ಪೆನ್ನು ಕೇಳಿದಳು. ಏನು ಬರೆದಳೋ, ಕಾಗದ ಮಡಿಸಿ ಬ್ಲೌಸಿನೊಳಗೆ ಇಟ್ಟುಕೊಂಡು ಹೋದಳು. ಓದಿದವರು ಬರೆದುಕೊಳ್ಳಲೆಂದು ಪ್ರತಿ ಪುಟದ ಕೆಳಗರ್ಧ ಖಾಲಿ ಬಿಡುವುದೆಂದು ಅಂದೇ ತೀರ್ಮಾನವಾಯಿತು.

ಅವರ ಪರೀಕ್ಷೆಗಳಿಗೆ ಕೊನೆಯೇ ಇರಲಿಲ್ಲ. ಪುಸ್ತಕ ಒಂದು ಕೈಯಲ್ಲಿ ಹಿಡಿಯುವಂತಿರಬೇಕು, ಯಾಕೆಂದರೆ ಇನ್ನೊಂದು ಕೈಯಲ್ಲಿ ಕಾರ್ಡು ಇರುತ್ತದೆ. ಬಿಚ್ಚಿಟ್ಟರೆ ತಾನೇ ಮುಚ್ಚಿಕೊಳ್ಳಬಾರದು. ಅಕ್ಷರ ಎಷ್ಟು ದೊಡ್ಡದಿರಬೇಕೆಂದು ತಿಳಿಯಲು ಮೂರು ಅಳತೆಯಲ್ಲಿ ಪ್ರಿಂಟು ತೆಗೆಸಿಕೊಂಡು, ಮಳವಳ್ಳಿಯಿಂದ ಮದ್ದೂರಿಗೆ ಬಸ್ಸಿನ ಕಡೇ ಸೀಟಿನಲ್ಲಿ ಕೂತು ಹೋಗಿಬಂದೆವು. ಹಳ್ಳಕ್ಕೆ ಬಸ್ಸಿಳಿದಾಗಲೂ ಓದಲು ಬಂದ ಅಳತೆ ಪಾಸು. ನನಗೆ ಬೆನ್ನು ಹಿಡಿದು ಮೂರು ದಿನ ಮಲಗಿದೆ. "ಬುಕ್ ಬರ್ಯೋರ್ಗೆ ಒಸಿ ನೋವಾಗ್ಬೇಕು" ಎಂದು ಎಣ್ಣೆ ತಂದು ತಿಕ್ಕಿದ್ದೂ ಅವರೇ.

ನಾವು ನಿಜವಾಗಿ ಜಗಳವಾಡಿದ್ದು ಒಂದೇ ಒಂದು ಕಾರ್ಡಿಗೆ.

ಆ ಪೆಟ್ಟಿಗೆಯಲ್ಲಿ ಸಾವಿನದೊಂದು ಕಾರ್ಡಿತ್ತು, ಕುದುರೆಯ ಮೇಲೆ ಅಸ್ಥಿಪಂಜರ. ಅವರು ಬರೆದದ್ದು ಬೇರೆ. ಹಳ್ಳಿಮನೆಯ ಗೋಡೆಗೆ ಒರಗಿಸಿ ನಿಲ್ಲಿಸಿದ ಒಂದು ಮಂಚ, ಪಕ್ಕದ ತಂತಿಯ ಮೇಲೆ ಒಗೆದು ಒಣಹಾಕಿದ ಒಂದು ದುಪ್ಪಟಿ, ನೆತ್ತಿಯ ಮೇಲೆ ಬಿಸಿಲು. ಮನುಷ್ಯರು ಯಾರೂ ಇಲ್ಲ. ನಮ್ಮ ಕಡೆ ಕಾಯಿಲೆಯವರಿದ್ದ ಮನೆಯ ಮುಂದೆ ಮಂಚ ಹಾಗೆ ನಿಂತಿತೆಂದರೆ ಮತ್ತೇನನ್ನೂ ಕೇಳಬೇಕಾಗಿಲ್ಲ.

ಮಂಡ್ಯದವರ ಬಾಯಿ ಒರಟು ಎಂದು ನಾಡಿಗೆಲ್ಲ ಗೊತ್ತು. ಆದರೆ ಇಷ್ಟು ಬಿರುಸಾಗಿ ಮಾತಾಡುವ ನಾವು ಕೆಟ್ಟ ಸುದ್ದಿಯ ಮುಂದೆ ಮೆತ್ತಗಾಗಿಬಿಡುತ್ತೇವೆ. ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತೇವೆ. ಹೋಗ್ತೀನಿ ಎಂದು ಹೊಸ್ತಿಲು ದಾಟುವುದಿಲ್ಲ. ಜೀವ ಹೋಗಿ ಎರಡು ಗಂಟೆಯಾಗಿದ್ದರೂ ನೆಂಟರಿಗೆ ಫೋನು ಮಾಡಿ, "ಒಸಿ ಉಸಾರಿಲ್ಲ, ಬಂದೋಗಿ" ಎನ್ನುತ್ತೇವೆ. ನಾನು ಬೆಳೆದದ್ದು ಆ ಮನೆಮಾತಿನಲ್ಲೇ. ಆ ಕಾರ್ಡಿಗೆ ನಾನು ಬರೆದದ್ದು ಹೀಗಿತ್ತು: ಏನೋ ಒಂದು ಮುಗಿದಿದೆ, ಕಡಿದ ಕಬ್ಬಿನ ಬುಡದಲ್ಲೇ ಕೂಳೆ ಚಿಗುರುತ್ತದೆ, ಅವಸರ ಬೇಡ.

ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. "ಕಬ್ಬೆಲ್ಲದೆ?"

"ಅದು ಹೋಲಿಕೆ ಅಕ್ಕ."

"ನಾನ್ ಬರ್ದಿರೋದು ಮಂಚ. ಮಂಚ ಯಾವತ್ತಾದ್ರೂ ಚಿಗುರೀತಾ?"

ಓದುವವರಿಗೆ ಧೈರ್ಯ ಬೇಡವೇ ಎಂದು ನಾನೂ ದನಿ ಏರಿಸಿದೆ. ಅವರು ಕಾಗದವನ್ನು ಪಕ್ಕಕ್ಕಿಟ್ಟು, ಅಷ್ಟು ವರ್ಷದಲ್ಲಿ ಮೊದಲ ಸಲ ಮನೆಯ ಮಾತು ಎತ್ತಿದರು.

ಅವರಿಗೊಬ್ಬಳು ತಂಗಿ, ಚಿಕ್ಕರಸಿನಕೆರೆಗೆ ಮದುವೆ ಮಾಡಿಕೊಟ್ಟಿದ್ದರು. ತಾಯಿ ಕೊನೆಗಾಲದಲ್ಲಿ ತಂಗಿಯ ಮನೆಯಲ್ಲಿದ್ದರು. ಇವರಿಗೆ ಆಗ ಮಂಡ್ಯದಲ್ಲಿ ಪರೀಕ್ಷೆ ಡ್ಯೂಟಿ. ತಂಗಿ ಫೋನು ಮಾಡಿ, "ಅವ್ವಂಗೆ ಜ್ವರ ಅಷ್ಟೇ ಕಣಕ್ಕ, ಗಾಬ್ರಿ ಆಗ್ಬ್ಯಾಡ. ಡೂಟಿ ಮುಗಿಸ್ಕಂಡೇ ಬಾ" ಎಂದಳು. ಡಾಕ್ಟರು ಅವಳಿಗೆ ಅವತ್ತೇ ಹೇಳಿಬಿಟ್ಟಿದ್ದರು, ಎರಡು ಮೂರು ದಿನ ಎಂದು. ಅಕ್ಕ ಗಾಬರಿಯಲ್ಲಿ ಒಬ್ಬಳೇ ಬಸ್ಸು ಹತ್ತುವುದು ಬೇಡ, ಸಂಜೆ ಗಂಡನ ಕೈಲಿ ಹೇಳಿ ಕಳಿಸೋಣ, ನಾಳೆ ಹೇಳೋಣ ಎಂದು ತಳ್ಳುತ್ತ ಹೋದಳು. ಇವರು ಡ್ಯೂಟಿ ಮುಗಿಸಿ, ಅವ್ವನಿಗೆಂದು ಮೋಸಂಬಿ ಕೊಂಡು, ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು ಬೀದಿ ತಿರುಗಿದರೆ ಮಂಚ ಗೋಡೆಗೆ ಒರಗಿ ನಿಂತಿತ್ತು.

"ಅವ್ಳು ಕೆಟ್ಟೋಳಲ್ಲ ಕಣಮ್ಮ. ಒಳ್ಳೇದಕ್ಕೇ ಮಾಡುದ್ಲು. ಆದ್ರೆ ನಮ್ಮವ್ವ ಎರಡ್ ದಿನ ಬಾಗ್ಲು ನೋಡ್ತಾ ಮಲ್ಗಿತ್ತಂತೆ. ಅದ್ನ ಯಾರ್ ವಾಪಸ್ ಕೊಡ್ತಾರೆ?"

ಅಂದು ತಂಗಿಯ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಮಳವಳ್ಳಿಯಿಂದ ಅವಳ ಊರಿಗೆ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಹೋಗಿ ಮಾತಾಡಿಸಬಾರದೇ ಎಂದೆ. ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿ ಹೇಳಿದರು: "ಓಯ್ತೀನಿ. ಸಾಯೋ ಕಾಲ ಬತ್ತಲ್ಲ, ಆಗ ನಾನೇ ಓಗಿ ಅವಳ ಕೈ ಇಡ್ಕತೀನಿ. ಅಲ್ಲೀಗಂಟ ಅವ್ಳೇ ಬರ್ಲಿ. ಈಗ್ಲೇ ಓದ್ರೆ ಸೋತಂಗೆ."

ಆ ಪುಟವನ್ನು ಕೊನೆಗೆ ನಾಲ್ಕೇ ಸಾಲಿನಲ್ಲಿ ಬರೆದೆ. "ಮಂಚ ಗೋಡೆಗೆ ಒರಗಿದೆ. ದುಪ್ಪಟಿ ಒಗೆದಾಗಿದೆ. ಈ ಮನೆಯಲ್ಲಿ ಒಬ್ಬರು ಸತ್ತಿದ್ದಾರೆ. ನೋಡಬೇಕಾದವರು ಯಾರಾದರೂ ಇದ್ದರೆ ಈಗಲೇ ಹೋಗಿ ನೋಡಿ." ಇದೊಂದು ಪುಟಕ್ಕೆ ಮಾತ್ರ ಪ್ರಶ್ನೆ ಬೇಡ, ಅಪ್ಪಣೆಯೇ ಇರಲಿ ಎಂದರು. ಯಾರಿಗೂ ತೋರಿಸದೆ, ಉಗುರಿನಲ್ಲಿ ಗೀರದೆ, ಫೈಲಿಗೆ ಸೇರಿಸಿದರು.

ಕಳೆದ ವರ್ಷ ಗೌರಿಹಬ್ಬ ಕಳೆದ ಮೇಲೆ ಅವರಿಗೆ ಊಟ ಸೇರದಾಯಿತು. ವಾಚು ಮಣಿಕಟ್ಟಿನಿಂದ ಜಾರಿ ಮೊಣಕೈಗೆ ಬರುತ್ತಿತ್ತು. ಮಂಡ್ಯದ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್ ಆದ ಮೇಲೆ ಅವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಡಾಕ್ಟರು ನನ್ನನ್ನು ಒಳಗೆ ಕರೆದರು. ಹೊಟ್ಟೆಯಲ್ಲಿ ಗಡ್ಡೆ, ಹರಡಿಬಿಟ್ಟಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರು. ಹೆಚ್ಚೆಂದರೆ ಒಂದೂವರೆ ತಿಂಗಳು. "ಅವರಿಗೆ ನಾನು ಹೇಳಲಾ, ನೀವೇ ನಿಮ್ಮ ರೀತಿಯಲ್ಲಿ ಹೇಳ್ತೀರಾ?" ಎಂದು ಕೇಳಿದರು. ನಾನೇ ಹೇಳುತ್ತೇನೆ ಎಂದೆ. ಹೇಳುವ ಉದ್ದೇಶವೇ ಇತ್ತು, ದೇವರಾಣೆಗೂ ಇತ್ತು.

ಬಸ್ಸಿನಲ್ಲಿ ಹೇಳಲಾಗಲಿಲ್ಲ. ಜನ ಇದ್ದಾರೆ ಎಂದುಕೊಂಡೆ. ಮನೆಗೆ ಬಂದು ಗಂಜಿ ಕಾಯಿಸಿ ಕೊಟ್ಟೆ. ಕುಡಿದ ಮೇಲೆ ಹೇಳೋಣ ಎಂದುಕೊಂಡೆ. ಅವರೇ ಕೇಳಿದರು.

"ಒಳ್ಗೆ ಕಾಲ್ಗಂಟೆ ಇದ್ರಿ. ಏನಂದ್ರು?"

"ಹುಣ್ಣಂತೆ ಅಕ್ಕ. ಔಷಧಿ ತಗೊಂಡ್ರೆ ನಿಧಾನಕ್ಕೆ ವಾಸಿಯಾಗುತ್ತಂತೆ."

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಎದ್ದು ಹೋಗಿ ಕಾರ್ಡಿನ ಕಟ್ಟು ತಂದರು. ಕಲಸಲಿಲ್ಲ, ಎತ್ತಲು ಹೇಳಲಿಲ್ಲ. ಒಂದೊಂದಾಗಿ ತೆಗೆದು ಮಂಚದ ಕಾರ್ಡನ್ನು ಹುಡುಕಿ ಬೆರಳ ಸಂದಿಯಲ್ಲಿ ಹಿಡಿದುಕೊಂಡರು.

"ಮಿಸ್ಸು, ನಿಜ ಏಳ್ಬುಡಿ. ನಂಗೆ ಎದ್ರಿಕೆ ಇಲ್ಲ. ಇದ್ನ ಮ್ಯಾಲಕ್ಕೆ ಇಡ್ಲಾ, ಒಳಕ್ಕೆ ಸೇರಿಸ್ಲಾ? ಚಿಕ್ಕರಸಿನಕೆರೆಗೆ ಓಗದದೆ. ಈಗ್ಲೇ ಓಗ್ಬೇಕು ಅಂದ್ರೆ ನಾಳಿಕೇ ಒಂಟೋಯ್ತೀನಿ. ಟೈಮದೆ ಅಂದ್ರೆ ಒಸಿ ಮೈ ಸರಿ ಮಾಡ್ಕಂಡು, ಆಯುಧಪೂಜೆ ದಿನ ಬ್ರಷ್ಷಿಗೆ ಕುಂಕುಮ ಇಟ್ಟು, ಮಾರನೇ ದಿನ ಓಯ್ತೀನಿ. ಈ ಅವತಾರದಲ್ಲಿ ಓದ್ರೆ ಅವ್ಳು ಎದ್ರುಕತಾಳೆ."

ಆ ಕ್ಷಣ ನನಗೆ ಎಲ್ಲ ಗೊತ್ತಿತ್ತು. ಆ ಕಾರ್ಡಿಗೆ ಏನು ಬರೆದಿದೆ ಎಂದು ಗೊತ್ತಿತ್ತು, ಬರೆದದ್ದು ನಾನು. ಅವರು ಯಾಕೆ ಕೇಳುತ್ತಿದ್ದಾರೆಂದೂ ಗೊತ್ತಿತ್ತು. ಆದರೆ ಅವರ ಮುಖ ಸೊರಗಿತ್ತು, ಗಂಜಿ ಅರ್ಧಕ್ಕೆ ಬಿಟ್ಟಿದ್ದರು. ನನ್ನ ಬಾಯಿ ಹುಟ್ಟಿದಂದಿನಿಂದ ಕಲಿತದ್ದನ್ನೇ ಆಡಿತು.

"ಒಳಗೆ ಸೇರಿಸಿ ಅಕ್ಕ. ಟೈಮಿದೆ. ಹಬ್ಬ ಕಳೀಲಿ."

ಅವರು ಕಾರ್ಡನ್ನು ಕಟ್ಟಿನ ನಡುವೆ ತೂರಿಸಿ, ಬೆರಳಿನಿಂದ ತಟ್ಟಿ ಅಂಚು ಸರಿಮಾಡಿದರು. "ಬ್ಯಾರೆ ಯಾರಾದ್ರೂ ಏಳಿದ್ರೆ ನಂಬ್ತಿರ್ನಿಲ್ಲ. ಈ ಬುಕ್ ಬರ್ದಿರೋ ಕೈ ನಿಮ್ದು" ಎಂದರು.

ಮರುದಿನ ಹೇಳೋಣ ಎಂದುಕೊಂಡೆ. ಮರುದಿನ ಅವರು ಲವಲವಿಕೆಯಿಂದಿದ್ದರು. ಅದರ ಮರುದಿನ ಮದ್ದೂರಿನಿಂದ ಕರಡು ಬಂತು. ಗೋಡೆಗೆ ದಿಂಬು ಕೊಟ್ಟು ಕೂತು, ಪುಟ ಪುಟವನ್ನೂ ಗಟ್ಟಿಯಾಗಿ ಓದಿ ತಿದ್ದಿದರು. ಮಂಚದ ಪುಟ ಬಂತು. "ನೋಡಬೇಕಾದವರು ಯಾರಾದರೂ ಇದ್ದರೆ ಈಗಲೇ ಹೋಗಿ ನೋಡಿ" ಎಂದು ನಿಧಾನವಾಗಿ ಓದಿ, ಕನ್ನಡಕ ಕೆಳಗಿಳಿಸಿದರು. "ಇದು ಚೆನ್ನಾಗದೆ ಮಿಸ್ಸು. ಇದ್ರಲ್ಲಿ ಸುಳ್ಳಿಲ್ಲ."

ಇಪ್ಪತ್ತೈದು ವರ್ಷದಲ್ಲಿ ಅವರ ಬಾಯಿಂದ ಚೆನ್ನಾಗಿದೆ ಎನ್ನುವ ಮಾತು ನಾನು ಕೇಳಿದ್ದು ಅದೊಂದೇ ಸಲ. ನಾನು ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆಗಲಾದರೂ ಹೇಳಬಹುದಿತ್ತು. ಕಾಲಿಗೆ ಬಿದ್ದು ಹೇಳಬಹುದಿತ್ತು. ಸಕ್ಕರೆ ಸಾಕಾ ಎಂದು ಕೇಳಿದೆ.

ತಂಗಿಗಾದರೂ ಫೋನು ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಂಬರು ಅವರ ಡೈರಿಯಲ್ಲೇ ಇತ್ತು. ತಂಗಿ ಓಡಿ ಬಂದರೆ ಅಕ್ಕನಿಗೆ ವಿಷಯ ಗೊತ್ತಾಗಿಬಿಡುತ್ತದೆ, ನಾನು ಸುಳ್ಳು ಹೇಳಿದ್ದೂ ಗೊತ್ತಾಗಿಬಿಡುತ್ತದೆ. ಮಾಡದಿದ್ದುದಕ್ಕೆ ಕಾರಣ ಅವರ ಮೇಲಿನ ಕರುಣೆ ಎಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಅರ್ಧ ನನ್ನ ಮಾನದ ಚಿಂತೆ.

ಅವರು ಹೋಗುವ ತಯಾರಿ ನಡೆಸಿದ್ದರು. ತಂಗಿಗೆಂದು ಒಂದು ನೀಲಿ ಸೀರೆ ತರಿಸಿದರು. ಅವಳಿಗೆ ನೀಲಿ ಒಪ್ಪುತ್ತದೆಯೋ ಇಲ್ಲವೋ, ಈಗ ಕೂದಲು ಬೆಳ್ಳಗಾಗಿರಬಹುದು ಎಂದು ಯೋಚಿಸಿ ಬದಲಾಯಿಸಿ ಹಸಿರು ತರಿಸಿದರು. ಹೋದ ಕೂಡಲೇ ಏನು ಮಾತಾಡುವುದೆಂದು ನನ್ನ ಮುಂದೆ ಆಡಿ ನೋಡಿದರು. "ಕಾಪಿ ಮಾಡೇ" ಅಂತೀನಿ, ಅಷ್ಟೇ, ಇನ್ನೇನೂ ಬ್ಯಾಡ ಎಂದರು. ಬೆಳಿಗ್ಗೆ ಎಷ್ಟು ಹೊತ್ತಿಗೆ ಬಸ್ಸು ಎಂದು ನನ್ನನ್ನು ಎರಡು ಸಲ ಕೇಳಿದರು.

ಆಯುಧಪೂಜೆಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಹಲ್ಲುಜ್ಜಲು ಎದ್ದವರು ಬಚ್ಚಲ ಬಾಗಿಲಲ್ಲಿ ಕುಸಿದರು. ಮಂಡ್ಯದ ಆಸ್ಪತ್ರೆ ತಲುಪುವ ಹೊತ್ತಿಗೆ ಎಚ್ಚರವಿರಲಿಲ್ಲ. ಮತ್ತೆ ಕಣ್ಣು ಬಿಡಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಮುಗಿಯಿತು.

ಆಸ್ಪತ್ರೆಯ ವರಾಂಡದಿಂದಲೇ ತಂಗಿಗೆ ಫೋನು ಮಾಡಿದೆ. ನಾನು ಯಾರೆಂದು ಹೇಳಿ, "ನಿಮ್ಮಕ್ಕನಿಗೆ ಸ್ವಲ್ಪ ಹುಷಾರಿಲ್ಲ, ಬಂದುಹೋಗಿ" ಎಂದೆ. ಬೇಕೆಂದು ಹೇಳಿದ್ದಲ್ಲ. ಅದೇ ಬಾಯಿಗೆ ಬಂತು. ಆ ಕಡೆಯಿಂದ ಆಕೆ ಕೇಳಿದರು: "ಎಷ್ಟೊತ್ಗೆ ಓಯ್ತು ಟೀಚರಮ್ಮ, ಜೀವ?"

ಮೂರನೆಯ ದಿನ ಹಾಲುತುಪ್ಪ ಬಿಡುವ ಶಾಸ್ತ್ರ ಮುಗಿಯಿತು. ಬಂದವರೆಲ್ಲ ಹೊರಟ ಮೇಲೆ ತಂಗಿ ಮತ್ತು ನಾನು ಜಗಲಿಯ ಮೇಲೆ ಉಳಿದೆವು. ಆಕೆ ಅಕ್ಕನಿಗಿಂತ ಎತ್ತರ, ಆದರೆ ಕೂರುವ ಭಂಗಿ ಒಂದೇ. ಕೂದಲು ನಿಜವಾಗಿಯೂ ಬೆಳ್ಳಗಾಗಿತ್ತು. ನಾನು ಒಳಗಿನಿಂದ ಹಸಿರು ಸೀರೆ ತಂದು ಕೊಟ್ಟೆ, ನಿಮಗೆಂದೇ ತರಿಸಿದ್ದರು ಎಂದೆ. ಆಕೆ ಅದನ್ನು ಬಿಚ್ಚಿ ನೋಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೇಳಿದರು.

"ನನ್ನ ನೆನೆಸ್ಕಂಡ್ಳಾ ಕಡೇಲಿ?"

ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ನಮ್ಮ ಕಡೆಯ ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ಕೊನೇ ಉಸಿರಲ್ಲಿ ನಿಮ್ಮ ಹೆಸರೇ ಇತ್ತು ಎನ್ನಬೇಕು. ಆಕೆ ಅಳುತ್ತಾಳೆ, ಆಮೇಲೆ ಸಮಾಧಾನವಾಗುತ್ತದೆ. ಆ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನಿಮ್ಮ ಹತ್ತಿರ ಬರಬೇಕು ಅಂತಿದ್ರು. ಡಾಕ್ಟರು ನನಗೆ ಮೊದಲೇ ಹೇಳಿದ್ರು, ದಿನ ಇಲ್ಲ ಅಂತ. ಅವರು ನನ್ನ ಕೇಳಿದ್ರು, ಈಗಲೇ ಹೋಗ್ಲಾ, ಟೈಮಿದೆಯಾ ಅಂತ. ಟೈಮಿದೆ, ಹಬ್ಬ ಕಳೀಲಿ ಅಂದೆ. ಅದಕ್ಕೇ ಬರಲಿಲ್ಲ. ನನ್ನಿಂದ ಬರಲಿಲ್ಲ."

ಆಕೆ ಬಯ್ಯುತ್ತಾರೆ ಎಂದು ಕಾದೆ. ಕಪಾಳಕ್ಕೆ ಹೊಡೆದಿದ್ದರೂ ತಡೆಯುತ್ತಿರಲಿಲ್ಲ. ಆಕೆ ಬೀದಿಯ ಕಡೆ ಮುಖ ಮಾಡಿ ಹೇಳಿದರು.

"ನಾನೂ ಅದೇ ಮಾತು ಏಳಿದ್ದೆ ಕಣಮ್ಮ, ಅವ್ವ ಸಾಯುವಾಗ. ಅವತ್ತಿಂದ ನನ್ ಮೊಕ ನೋಡ್ನಿಲ್ಲ ಅವ್ಳು." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ನಿಮ್ ಜೊತೆಲೂ ಮಾತು ಬುಟ್ಳಾ?"

"ಇಲ್ಲ" ಎಂದೆ. "ಕೊನೆವರೆಗೂ ನನ್ನನ್ನ ನಂಬಿದ್ರು."